ವಲ್ದೂರಿನ ದಾರಿ ಬಲ್ಲ ಚಿಕ್ಕತಾಯಮ್ಮ

ದೊಡ್ಡಗಾಜನೂರಿನ ಚಿಕ್ಕತಾಯಮ್ಮ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಾ ಎರಡು ಊರಿನ ಹವಾಮಾನ ಹೇಳುತ್ತಿದ್ದರು. ಮೊದಲು ನಮ್ಮೂರಿನದು, ಆಮೇಲೆ ಸ್ಪೇನ್ ದೇಶದ ಒಂದು ಪುಟ್ಟ ಕೋಟೆಯೂರಿನದು. "ಇಲ್ಲಿ ಮೋಡ ಮುಚ್ಕಂಡದೆ. ವಲ್ದೂರಲ್ಲಿ ಈಗ ಅಂಡೇಲಿರೋ ನೀರು ಕಲ್ಲಾಗಿರ್ತದೆ. ಪಾಪ, ಮುಖ ತೊಳ್ಯಾಕೂ ಕೊಡ್ಲಿ ತಕಬೇಕು!" ಎದುರು ಮನೆಯ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ನಾನು ನಗು ತಡೆಯಲಾರದೆ ಪೇಸ್ಟು ನುಂಗಿದ್ದುಂಟು.

ಆ ಊರಿನ ನಿಜವಾದ ಹೆಸರು ವಲ್ದೆರೋಸಾ. ಅಷ್ಟುದ್ದದ ಹೆಸರು ನಮ್ಮ ತಾಳವಾಡಿ ಬೆಟ್ಟದ ಬಾಯಿಗೆ ಹಿಡಿಸದೆ ವಲ್ದೂರಾಗಿತ್ತು. ಚಿಕ್ಕತಾಯಮ್ಮ ಅದನ್ನು ಕಂಡವರಲ್ಲ. ಚಾಮರಾಜನಗರದಿಂದಾಚೆ ಕಾಲಿಟ್ಟವರೂ ಅಲ್ಲ. ಊರಾಚೆ ದವಾಖಾನೆ ನಡೆಸುತ್ತಿದ್ದ ಸ್ಪೇನಿನ ಸನ್ಯಾಸಿನಿಯೊಬ್ಬರಿಗೆ ಇಪ್ಪತ್ತು ವರ್ಷ ಅಡುಗೆ ಮಾಡಿದವರು. ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದ ಆ ಹೆಂಗಸು ಸಂಜೆ ಒಲೆ ಮುಂದೆ ಕೂತು ತಮ್ಮೂರಿನ ಸುದ್ದಿ ಹೇಳುತ್ತಿದ್ದರಂತೆ, ಅರ್ಧ ಕನ್ನಡ, ಅರ್ಧ ತಮಿಳು, ಮಿಕ್ಕದ್ದು ಕೈಸನ್ನೆ. ಅವರು ತೀರಿಕೊಂಡು ಇಲ್ಲೇ ಮಣ್ಣಾದ ಮೇಲೆ ಚಿಕ್ಕತಾಯಮ್ಮ ನಮ್ಮ ಶಾಲೆಯ ಮಧ್ಯಾಹ್ನದೂಟದ ಅಡುಗೆಗೆ ಬಂದರು. ಸಿಸ್ಟರಮ್ಮನಿಂದ ಅವರಿಗೆ ಉಳಿದದ್ದು ಆ ಊರೊಂದೇ.

ಉಳಿದದ್ದನ್ನು ಅವರು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಜಾತಿಯಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಲೇ ಊರು ತೋರಿಸುತ್ತಿದ್ದರು. ಕೋಟೆಗೆ ಮೂರು ಬಾಗಿಲು. ನಡುವೆ ಗಂಟೆ ಗೋಪುರ, ಅದರ ತುದಿಯಲ್ಲಿ ಕೊಕ್ಕರೆಯ ಗೂಡು. "ಮರಿ ಇದ್ದಾಗ ಗಂಟೇನ ಮೆತ್ತಗೆ ಒಡೀಬೇಕು. ಜೋರಾಗೊಡೆದ್ರೆ ಕೊಕ್ರೆ ಬಂದು ಪಾದ್ರಿ ತಲೆ ಕುಕ್ತದೆ." ಬೇಸಿಗೆಯ ಮಧ್ಯಾಹ್ನ ಇಡೀ ಊರು ಕದ ಹಾಕಿ ಮಲಗುತ್ತದೆ ಎಂಬುದು ನಮ್ಮ ಹೆಡ್ ಮಾಸ್ತರರಿಗೆ ಬಹಳ ಹಿಡಿಸಿತ್ತು.

ನಾನು ಸಮಾಜ ಪಾಠದ ಮೇಷ್ಟ್ರು. ಒಮ್ಮೆ ಮಧ್ಯಯುಗದ ಕೋಟೆಯ ಚಿತ್ರ ಬರೆಯುತ್ತಿದ್ದಾಗ ಸೌಟು ಹಿಡಿದುಕೊಂಡೇ ಒಳಗೆ ಬಂದರು. "ಅಂಗಲ್ಲ ಕಣ ಮೇಷ್ಟ್ರೇ, ಅಗೇವು ಬುಟ್ಬುಟ್ರಲ್ಲ!" ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ಹೂಜಿಯಂತೆ ತೋಡಿದ ಕಣಜ. ಸಿಸ್ಟರಮ್ಮ ನೆಲ ತೋರಿಸಿ, ತಮ್ಮೂರಿನ ಮನೆಗಳ ಕೆಳಗೆಲ್ಲ ಗುಂಡಿಗಳಿವೆ ಎಂದಿದ್ದರಂತೆ. ಚಿಕ್ಕತಾಯಮ್ಮನ ಲೆಕ್ಕದಲ್ಲಿ ಅದು ಹಗೇವಲ್ಲದೆ ಇನ್ನೇನು? "ವೈರಿಗಳು ಏಳು ತಿಂಗ್ಳು ಸುತ್ತಾಕಂಡ್ರು. ಊರೋರು ಕೋಟೆ ಮೇಲ್ನಿಂದ ರಾಗಿ ಮೂಟೇನೇ ಎಸುದ್ರು. ಎಸೆಯಾಕೇ ಇಷ್ಟಿದ್ರೆ ಒಳಗೆ ಇನ್ನೆಷ್ಟಿದ್ದದು ಅಂತ ವೈರಿಗಳು ಗಂಟುಮೂಟೆ ಕಟ್ಟುದ್ರು!" ಮಕ್ಕಳು ಚಪ್ಪಾಳೆ ಹೊಡೆದರು. ಪರೀಕ್ಷೆಯಲ್ಲಿ ಏಳನೇ ತರಗತಿಯ ಅಷ್ಟೂ ಮಕ್ಕಳು, ಯೂರೋಪಿನ ಕೋಟೆಗಳು ರಾಗಿ ಹಗೇವಿನ ಬಲದಿಂದ ನಿಂತವು ಎಂದು ಬರೆದರು. ನಾನು ಎಲ್ಲರಿಗೂ ಅಂಕ ಕೊಟ್ಟು ಹೆಡ್ ಮಾಸ್ತರರಿಂದ ಉಗಿಸಿಕೊಂಡೆ.

ನಂಬದವನು ಟೀ ಅಂಗಡಿಯ ನಂಜಪ್ಪ ಒಬ್ಬನೇ. "ಬುಡಕ್ಕ, ಬರೀ ಬುರುಡೆ. ಬಿಳಿ ಜನ ಎಲ್ಲಾರ ಮುದ್ದೆ ತಿಂದಾರಾ?" ಒಂದು ದಿನ ಮಾತಿಗೆ ಮಾತು ಬೆಳೆದು ಚಿಕ್ಕತಾಯಮ್ಮ ಅಂಗಡಿಯ ಮುಂದೆ ನೆಲ ಮುಟ್ಟಿ ಹೇಳಿಬಿಟ್ಟರು: "ಆ ಊರೋರು ಯಾರಾರ ಬಂದು, ಅಗೇವು ಸುಳ್ಳು ಅನ್ಲಿ. ಅವತ್ತಿಂದ ನಾನು ವಲ್ದೂರ ಎಸ್ರೆತ್ತಲ್ಲ." ಸ್ಪೇನಿನಿಂದ ಇಲ್ಲಿಗೆ ಯಾರು ಬರುತ್ತಾರೆ ಎಂದು ನಾವೆಲ್ಲ ನಿಶ್ಚಿಂತೆಯಾಗಿದ್ದೆವು.

ಬಂದೇ ಬಂದರು. ಮೊಬೈಲು ಮಾತಾಡಲು ನೀರಿನ ಟ್ಯಾಂಕು ಹತ್ತಬೇಕಿದ್ದ ಕಾಲ ಅದು. ಮುನ್ಸೂಚನೆಯೇ ಇಲ್ಲದೆ ಸಿಸ್ಟರಮ್ಮನ ತಮ್ಮ, ಎಪ್ಪತ್ತರ ಮುದುಕ, ಅಕ್ಕನ ಸಮಾಧಿ ನೋಡಲು ಟ್ಯಾಕ್ಸಿಯಿಂದಿಳಿದರು. ಅವರಿಗೆ ಬರುತ್ತಿದ್ದದ್ದು ಹರಕುಮುರುಕು ಇಂಗ್ಲಿಷು, ನನ್ನದೂ ಅದೇ. ಸಮಾಧಿಗೆ ಹೂವಿಟ್ಟು ಅವರು ಟೀ ಅಂಗಡಿಗೆ ಬರುವಷ್ಟರಲ್ಲಿ ಅರ್ಧ ಊರು ನೆರೆದಿತ್ತು.

"ಕೇಳಿ ಮೇಷ್ಟ್ರೇ, ಅವ್ರೂರಲ್ಲಿ ರಾಗಿ ಅಗೇವು ಅವೆಯಾ?" ಎಂದ ನಂಜಪ್ಪ.

ಚಿಕ್ಕತಾಯಮ್ಮ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದರು. ನಾನು "ನಿಮ್ಮೂರು ಚೆನ್ನಾಗಿದೆಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಮುದುಕ ನಗುತ್ತಾ ಹೌದೆಂದರು. "ಇವೆಯಂತೆ" ಎಂದೆ.

"ಮೇಷ್ಟ್ರೇ," ಎಂದರು ಚಿಕ್ಕತಾಯಮ್ಮ, "ಅಗೇವು ಅಂತ ಕೇಳುದ್ರೆ ನಿಮ್ಮ ಕೈಯಾರ ನೆಲದ ಕಡೆ ಓಗ್ಬೇಕಿತ್ತಲ್ಲ? ಸರ್ಯಾಗಿ ಕೇಳಿ."

ಸರಿಯಾಗಿ ಕೇಳಿದೆ. ಮುದುಕ ಇಲ್ಲವೆಂದು ತಲೆಯಾಡಿಸಿದರು. ರಾಗಿ ಎಂದರೇನೆಂದೇ ಅವರಿಗೆ ಗೊತ್ತಿಲ್ಲ. ನಂಜಪ್ಪ ತೊಡೆ ತಟ್ಟಿ ನಕ್ಕ. ಚಿಕ್ಕತಾಯಮ್ಮನ ಮುಖ ಸುಣ್ಣವಾಯಿತು. ತಟ್ಟನೆ ಮುದುಕರ ಮಣಿಕಟ್ಟು ಹಿಡಿದು ನಂಜಪ್ಪನ ಹಿತ್ತಲಿಗೇ ಎಳೆದುಕೊಂಡು ಹೋದರು. ಅಲ್ಲಿ ಎರಡು ವರ್ಷದಿಂದ ತೆರೆಯದ ಹಗೇವಿತ್ತು. ಚಪ್ಪಡಿ ಸರಿಸಿ, ಹಗ್ಗಕ್ಕೆ ದೀಪ ಕಟ್ಟಿ ಕೆಳಗಿಳಿಸಿದರು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ದೀಪ ಆರಿದರೆ ಯಾರೂ ಇಳಿಯಬಾರದು. ದೀಪ ತೂಕಡಿಸಿ ಆರಿತು.

ಮುದುಕ ಕೂಗಿಕೊಂಡರು! ಹಗ್ಗ ಕಿತ್ತುಕೊಂಡು, ದೀಪ ಮತ್ತೆ ಹಚ್ಚಿಸಿ ತಾವೇ ಇಳಿಸಿದರು, ಎತ್ತಿದರು, ಕುಣಿದರು. ಅವರ ಇಂಗ್ಲಿಷು ಓಡುತ್ತಿತ್ತು, ನಾನು ಹಿಂದೆ ಓಡುತ್ತಿದ್ದೆ. ವಲ್ದೆರೋಸಾದ ಪ್ರತಿ ಮನೆಯ ಕೆಳಗೂ ಇಂಥ ಗುಂಡಿ, ಒಂದರಿಂದ ಒಂದಕ್ಕೆ ದಾರಿ. ಮುತ್ತಿಗೆಯಲ್ಲಿ ಊರವರು ಅಡಗಿದ್ದೂ ಅಲ್ಲೇ. ಅವರಪ್ಪ ಮೋಂಬತ್ತಿ ಹಿಡಿದು ಇಳಿಯುತ್ತಿದ್ದರು, ಆರಿದರೆ ಓಡಿ ಮೇಲೆ ಬರುತ್ತಿದ್ದರು. ಒಳಗಿದ್ದದ್ದು ಮಾತ್ರ ರಾಗಿಯಲ್ಲ, ಹುಳಿಯುವ ದ್ರಾಕ್ಷಿ ಹೆಂಡ.

"ಎಂಡವಾ!" ನಂಜಪ್ಪನಿಗೆ ವಲ್ದೂರಿನ ಮೇಲೆ ಆ ಕ್ಷಣದಿಂದ ಅಪಾರ ಗೌರವ ಬಂತು. ಚಿಕ್ಕತಾಯಮ್ಮನಿಗೆ ಆದದ್ದು ಗಾಬರಿ. "ಇಪ್ಪತ್ತು ವರ್ಸ ಅನ್ನ ಇಕ್ಕಿವ್ನಿ, ಸಿಸ್ಟರಮ್ಮ ನಂಗಿದ ಏಳ್ನೇ ಇಲ್ವಲ್ಲ! ನಂಜಪ್ಪ, ರಾಗಿ ತಪ್ಪಾಯ್ತು ಕಣಪ್ಪ. ಇನ್ನು ಎಸ್ರೆತ್ತಲ್ಲ."

ಮುದುಕರಿಗೆ ಈ ಮಾತು ತಿಳಿಯಲಿಲ್ಲ. ಅವರು ಚಿಕ್ಕತಾಯಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಪ್ರಶ್ನೆ ಕೇಳಿದರು. ತಾವು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಕೊಂಡರು; ಅಕ್ಕ ಇವರಿಗೆ ತಾಯಿಯ ಬಗ್ಗೆ ಏನಾದರೂ ಹೇಳಿದ್ದರೇ? ಚಿಕ್ಕತಾಯಮ್ಮ ನಂಜಪ್ಪನ ಕಡೆ ನೋಡಿದರು. ನಂಜಪ್ಪ ಕಣ್ಣೊರೆಸಿಕೊಂಡು ಗದರಿದ: "ನನ್ನೇನಕ್ಕ ನೋಡೀಯೆ? ಅವ್ರು ಕೇಳ್ತಾವ್ರೆ, ಏಳು!"

ಹೇಳಿದರು. ತಾಯಿ ಮೆಟ್ಟಿಲ ಮೇಲೆ ಕೂತು ಅವರೆ ಬಿಡಿಸುತ್ತಿದ್ದದ್ದು, ಕೊಕ್ಕರೆ ಬಂದಾಗ ಒಲೆಯ ಮೇಲಿನ ಪಾತ್ರೆ ಬಿಟ್ಟು ಓಡಿ ಬಂದು ನೋಡುತ್ತಿದ್ದದ್ದು, ಹೊಟ್ಟೆಯಲ್ಲಿದ್ದ ಈ ಮಗನಿಗೆ ಉಣ್ಣೆಯ ಟೋಪಿ ಹೆಣೆದು ಅದು ದೊಡ್ಡದಾಯಿತೆಂದು ನಕ್ಕಿದ್ದು. ನಾನು ಬಂದಷ್ಟು ಇಂಗ್ಲಿಷಿನಲ್ಲಿ, ಮಿಕ್ಕದ್ದನ್ನು ಕೈಸನ್ನೆಯಲ್ಲಿ ದಾಟಿಸಿದೆ. ಮುದುಕ ಅಳುತ್ತಾ ನಗುತ್ತಾ ತಲೆ ಮುಟ್ಟಿಕೊಂಡರು.

ಮರುವರ್ಷ ನನಗೆ ಬೇರೆ ಕಡೆ ವರ್ಗವಾಯಿತು. ಬಸ್ಸಿನವರೆಗೂ ಚಿಕ್ಕತಾಯಮ್ಮ ಬಂದರು. "ನೀವಾರ ಒಂದ್ಸಲ ಓಗ್ಬುಟ್ಟು ಬನ್ನಿ ಮೇಷ್ಟ್ರೇ. ಸಿಸ್ಟರಮ್ಮನ ಮನೆಗೆ ದಾರಿ ಏಳ್ತಿನಿ. ಎರಡ್ನೇ ಬಾಗ್ಲಲ್ಲಿ ಒಳಕ್ಕೋಗಿ. ಗೋಪುರ ಬೆನ್ನಿಗಾಕಂಡು ಇಳೀರಿ. ಜಾರ್ತದೆ, ಉಸಾರು." ಬಸ್ಸು ಹೊರಟಿತು. ಕಿಟಕಿಯ ಸರಳು ಹಿಡಿದು ಜೊತೆಗೇ ನಡೆದರು. "ಕಲ್ಲಿನ ಬಾವಿ ಸಿಕ್ತದೆ. ಅಲ್ಲಿ ನಿಂತ್ಕಂಡು..." ಡ್ರೈವರು ಗೇರು ಬದಲಿಸಿದ. ಅವರು ಕೈಯಾಡಿಸುತ್ತಾ ಏನೋ ಕೂಗಿದ್ದು ಧೂಳಿನಲ್ಲಿ ಕೇಳಿಸಲಿಲ್ಲ.

ಆ ಕಾರ್ತಿಕದಲ್ಲೇ ಅವರು ತೀರಿಹೋದರು. ಬಾವಿಯಿಂದ ಎಡಕ್ಕೋ ಬಲಕ್ಕೋ, ಸಿಸ್ಟರಮ್ಮನ ತಮ್ಮನಿಗೆ ಒಂದು ಕಾಗದ ಹಾಕಿದರೆ ತಿಳಿದೀತು. ಹಾಕಿಲ್ಲ. ಅದನ್ನು ನಾನು ಚಿಕ್ಕತಾಯಮ್ಮನ ಬಾಯಲ್ಲೇ ಕೇಳಬೇಕಿತ್ತು.