ಅಪ್ಪನ ಎದೆಯ ಕವಾಟ

ಕಾಕಾನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಅಪ್ಪನ ಬೆನ್ನಿಗೆ ಬಿದ್ದ ಒಬ್ಬನೇ ತಮ್ಮ, ಬಾದಾಮಿಯಲ್ಲಿರುತ್ತಾನೆ. ಅವನು ಮಾಡಿದ್ದನ್ನು ಹೇಳಬೇಕಾದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಅಪ್ಪನಿಗೆ ಆಗ ಎಪ್ಪತ್ತೊಂಬತ್ತು. ನವನಗರದ ನಮ್ಮ ಮನೆಯಿಂದ ಹಾಲಿನ ಅಂಗಡಿ ಐದು ನಿಮಿಷದ ದಾರಿ. ಆ ವರ್ಷ ಅದಕ್ಕೆ ಅರ್ಧ ತಾಸು ಹಿಡಿಯತೊಡಗಿತು. ಕಂಡ ಕಂಡ ಗೇಟಿನ ಮುಂದೆ ನಿಂತು ಮಾತಾಡಿಸುತ್ತಿದ್ದ. ಮಾಸ್ತರಿಕೆ ಮುಗಿದರೂ ಬಾಯಿಗೆ ರಿಟೈರ್‌ಮೆಂಟ್ ಇಲ್ಲ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವನು ನಿಲ್ಲುತ್ತಿದ್ದದ್ದು ಮಾತಿಗಲ್ಲ, ಉಸಿರಿಗೆ. ಅದು ತಿಳಿದದ್ದು ಅವನು ದೇವರ ಮನೆಯ ಹೊಸ್ತಿಲಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದ ದಿನ. ಅವ್ವ ಹೋದ ಮೇಲೆ ಆ ಮನೆಯಲ್ಲಿ ನಾವಿಬ್ಬರೇ. ದಿನಾ ನೋಡುವವಳು ನಾನೊಬ್ಬಳೇ, ನನಗೇ ಕಾಣಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಮೈ ಉರಿಯಿತು.

ಬೆಳಗಾವಿಯ ಒಂದು ದವಾಖಾನೆಗೆ ಕರೆದೊಯ್ದೆ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಲ್ಲಿ ಒಂದು ಕವಾಟ ಇರುತ್ತದೆ, ಅಪ್ಪನದು ಸುಣ್ಣಗಟ್ಟಿ ಬಿಗಿದುಕೊಂಡಿದೆ ಎಂದರು ಡಾಕ್ಟರು. ಗುಳಿಗೆಯಿಂದ ಅದು ತೆರೆಯುವುದಿಲ್ಲ, ಹಾಗೇ ಬಿಟ್ಟರೆ ಬಹಳ ದಿನವಿಲ್ಲ, ಎದೆ ಸೀಳುವ ಆಪರೇಷನ್ನು ಈ ಜೀವ ತಡೆಯುವುದಿಲ್ಲ. ಆದರೆ ತೊಡೆಯ ರಕ್ತನಾಳದಲ್ಲಿ ಸಣ್ಣ ನಳಿಕೆ ತೂರಿಸಿ, ಮಡಚಿದ ಹೊಸ ಕವಾಟವನ್ನು ಹೃದಯದ ತನಕ ಒಯ್ದು, ಹಳೆಯದರೊಳಗೇ ಬಿಚ್ಚಿ ಕೂರಿಸಬಹುದು. ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಕವಾಟದ ಚೌಕಟ್ಟು ಲೋಹದ್ದು. ಅದರ ಎಸಳುಗಳು ಆಕಳ ಹೃದಯದ ಸುತ್ತ ಇರುವ ಪೊರೆಯವು.

ಅಪ್ಪ ಜನ್ಮದಲ್ಲಿ ತೊಗಲಿನ ಚಪ್ಪಲಿ ಮೆಟ್ಟಿದವನಲ್ಲ. ಕೈಗಡಿಯಾರಕ್ಕೂ ಸ್ಟೀಲಿನ ಪಟ್ಟಿ. ಸ್ನಾನ, ಸಂಧ್ಯಾವಂದನೆ ಆಗದೆ ನೀರು ಕುಡಿಯುವವನಲ್ಲ. ಒಮ್ಮೆ ಒಲ್ಲೆ ಎಂದನೆಂದರೆ ಮುಗಿಯಿತು, ದೇವರು ಬಂದು ಕೇಳಿದರೂ ಒಲ್ಲೆ. ಹೇಳಿದರೆ ಖಂಡಿತ ಒಲ್ಲೆ ಎನ್ನುತ್ತಾನೆ, ಅಪ್ಪ ನನ್ನ ಕೈ ತಪ್ಪಿ ಹೋಗುತ್ತಾನೆ ಎಂದು ಹೆದರಿದೆ.

ಹೆದರಿ ಊರನ್ನೆಲ್ಲ ಕೇಳಿದೆ. ಇಳಕಲ್ಲಿನ ಸೋದರತ್ತೆಗೆ ಫೋನ್ ಹಚ್ಚಿದೆ, ಅವಳು ಮೊದಲು ಮಾಡಿಸು ಎಂದಳು. ನಮ್ಮ ಮನೆಗೆ ಬರುವ ಆಚಾರ್ಯರನ್ನು ಕೇಳಿದೆ, ಜೀವ ಉಳಿಸಲಿಕ್ಕೆ ದೋಷವಿಲ್ಲ ಎಂದರು. ಕೊನೆಗೆ ಕಾಕಾನನ್ನು ಕೇಳಿದೆ, ಕೇಳಬಾರದಿತ್ತು.

"ಈ ವಯಸ್ಸಿಗೆ ಯಾಕ ಅಂತೇನಿ," ಎಂದ. "ಆಯುಷ್ಯ ಅಂತೂ ಆಗ್ಯದ."

ಸ್ವಂತ ಅಣ್ಣನ ಬಗ್ಗೆ ಆಡುವ ಮಾತೇ ಇದು! ಆಕಳ ವಿಷಯ ಕಿವಿಗೆ ಬಿದ್ದದ್ದೇ ಧರ್ಮದ ಮೇಲೆ ಉಪನ್ಯಾಸ ಶುರುವಿಟ್ಟುಕೊಂಡ. ಬಸ್‌ಸ್ಟ್ಯಾಂಡಿನ ಹಿಂದೆ ಕದ್ದು ಆಮ್ಲೆಟ್ ತಿನ್ನುವ ಮನುಷ್ಯ ನನಗೆ ಧರ್ಮ ಹೇಳಿಕೊಡುತ್ತಿದ್ದ. ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡೆ. ಅಪ್ಪನಿಗೆ ಹೇಳುವುದಿಲ್ಲ ಎಂದು ಜನಿವಾರ ಮುಟ್ಟಿ ಆಣೆ ಮಾಡು ಎಂದೆ. ಮಾಡಿದ.

ಅಪ್ಪನಿಗೆ ಎಲ್ಲ ಹೇಳಿದ್ದೀರಲ್ಲ ಎಂದು ಡಾಕ್ಟರು ಕೇಳಿದರು. ಹೇಳಿದ್ದೇನೆ ಎಂದೆ, ಕಣ್ಣು ಸಹ ಪಿಳುಕಿಸಲಿಲ್ಲ. ಒಪ್ಪಿಗೆಯ ಕಾಗದವನ್ನು ನಾನೇ ಅಪ್ಪನ ಮಂಚದ ಹತ್ತಿರ ಒಯ್ದೆ. ಅವನು ಕನ್ನಡಕಕ್ಕೆ ತಡಕಾಡಿದ. ಅದು ನನ್ನ ಚೀಲದಲ್ಲಿತ್ತು, ನಾನು ತೆಗೆಯಲಿಲ್ಲ. ಹೊಸದು ಎಂಥದ್ದರಿಂದ ಮಾಡಿದ್ದು ಎಂದು ಕೇಳಿದ. ಸ್ಟೀಲು ಎಂದೆ. ಸಹಿ ಮಾಡುವ ಜಾಗದ ಮೇಲೆ ಬೆರಳಿಟ್ಟೆ. ಮೂವತ್ತು ವರ್ಷ ಶಾಲೆಯ ಮಕ್ಕಳ ಬರವಣಿಗೆ ತಿದ್ದಿದ ಕೈ, ಓದದ ಕಾಗದದ ಮೇಲೆ ದುಂಡಗೆ ಹೆಸರು ಬರೆಯಿತು.

ಎಲ್ಲ ಸುರಳೀತ ಆಯಿತು. ತೊಡೆಯ ಮೇಲೆ ಒಂದು ಸಣ್ಣ ಪಟ್ಟಿ, ಅಷ್ಟೇ. ವಾರದೊಳಗೆ ಮನೆಗೆ ಬಂದೆವು. ತಿಂಗಳು ತುಂಬುವುದರೊಳಗೆ ಅಪ್ಪ ಹಾಲಿನ ಅಂಗಡಿಗೆ ಹೋಗಿ ಐದೇ ನಿಮಿಷಕ್ಕೆ ತಲುಪಿದೆ ಎಂದು ಬೀಗಿದ. ನಾನು ಅಡುಗೆಮನೆಗೆ ಹೋಗಿ ಖುಷಿಗೆ ಅತ್ತುಬಿಟ್ಟೆ.

ಆಮೇಲೆ ಒಂದು ಭಾನುವಾರ ಕಾಕಾ ಬಂದ. ನಾನು ಚಹಾ ಹಿಡಿದುಕೊಂಡು ಹೊರಗೆ ಬರುವುದಕ್ಕೂ ಅವನು ನಗುತ್ತ ಹೇಳುವುದಕ್ಕೂ ಸರಿಹೋಯಿತು.

"ಅಣ್ಣಾ, ಎದ್ಯಾಗ ಆಕಳ ತೊಗಲ ಇಟ್ಕೊಂಡು ಸಂಧ್ಯಾವಂದನಿ ನಡದದಲ್ಲ, ಭೇಷ್!"

ನನ್ನ ಪಿತ್ತ ನೆತ್ತಿಗೇರಿತು. ಆಣೆ ಎಲ್ಲಿ ಹೋಯಿತು ಎಂದು ಕೇಳಿದೆ, ಆಮ್ಲೆಟ್ಟಿನ ಕಥೆ ಬಿಚ್ಚಿದೆ, ಅಣ್ಣ ಸತ್ತಿದ್ದರೆ ನಿನಗೆ ಸಮಾಧಾನ ಆಗುತ್ತಿತ್ತೇನು ಎಂದೂ ಅಂದೆ. ಪಕ್ಕದ ಮನೆಯವರು ಕಿಟಕಿಗೆ ಬಂದರು. ಕಾಕಾ ಚಹಾ ಮುಟ್ಟದೆ ಎದ್ದು ಹೋದ. ಹೋಗಲಿ, ಪೀಡೆ ಹೋಯಿತು ಎಂದುಕೊಂಡೆ.

ಅಪ್ಪ ಕುರ್ಚಿಯಿಂದ ಏಳಲಿಲ್ಲ. ಅವನು ಕೂಗಾಡಿದ್ದರೆ ನಾನೂ ಕೂಗುತ್ತಿದ್ದೆ, ನಮ್ಮ ಮನೆಯಲ್ಲಿ ಜಗಳ ಹಾಗೆಯೇ ಮುಗಿಯುವುದು. ನಾನೇ ಬಡಬಡ ಶುರುಮಾಡಿದೆ. ಆಚಾರ್ಯರು ದೋಷವಿಲ್ಲ ಎಂದಿದ್ದಾರೆ, ಅತ್ತೆಯೂ ಮಾಡಿಸು ಎಂದಳು, ನಾನು ಎಲ್ಲರನ್ನೂ ಕೇಳಿಯೇ ಮಾಡಿದ್ದು.

"ಆಚಾರ್ಯರನ್ನ ಕೇಳಿದಿ. ಅಕ್ಕನ್ನ ಕೇಳಿದಿ. ನನ್ನ ತಮ್ಮನ್ನೂ ಕೇಳಿದಿ," ಎಂದ ಅಪ್ಪ. "ಎದಿ ಯಾರದು?"

"ನೀ ಒಲ್ಲೆ ಅಂತಿದ್ದಿ ಅಪ್ಪಾ. ಸತ್ತು ಹೋಗ್ತಿದ್ದಿ."

ಅಪ್ಪ ನನ್ನ ಮುಖ ನೋಡಿದ. ಸಿಟ್ಟು ನನಗೆ ಅವನಿಂದಲೇ ಬಂದದ್ದು. ಆದರೆ ಅವನ ಸಿಟ್ಟು ಅಷ್ಟು ಮೆತ್ತಗೆ ಮಾತಾಡುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಒಲ್ಲೆ ಅಂತಿದ್ನೋ, ಹೂಂ ಅಂತಿದ್ನೋ," ಎಂದ. "ಇನ್ನ ಅದು ನನಗೂ ಗೊತ್ತಾಗೂದಿಲ್ಲ."