ಪಾಯಪ್ಪ ನೀರು ಹಾಕದ ಗಿಡ

ಸಾಹೇಬರ ಬೂಟಿನ ಸಪ್ಪಳ ಕೇಳಿತೆಂದರೆ ಪಾಯಪ್ಪನ ಕೈಯಲ್ಲಿದ್ದ ಝಾರಿ ನಡುಗಿ, ನೀರೆಲ್ಲ ಅವನ ಧೋತರದ ಮೇಲೇ ಬೀಳುತ್ತಿತ್ತು. ಆಳು ಆರಡಿ, ಮೀಸೆ ಗೇಣುದ್ದ. ಹೆದರಿಕೆ ಮಾತ್ರ ಅದಕ್ಕೂ ದೊಡ್ಡದು. ಗೋಕಾಕದ ಹೊಳೆದಂಡೆಯ ಇಂಗ್ಲಿಷ್ ಸಾಹೇಬರ ಬಂಗಲೆಗೆ ಅವನು ಮಾಲಿ, ನಮ್ಮ ಮನೆಯವರು ಕಾರಕೂನರು. ನಮ್ಮಿಬ್ಬರ ಮನೆಗಳೂ ಬಂಗಲೆಯ ಹಿಂದೆಯೇ ಇದ್ದವು.

ಕಣಗಲಾ ಊರಿನ ಜೈನ ಮನೆತನದವನು. ಗಿಡ ತಿನ್ನುವ ಹುಳುವನ್ನೂ ಕೊಲ್ಲದೆ, ಎಲೆಯ ಮೇಲೆ ಕೂರಿಸಿಕೊಂಡು ಹೊಳೆಯವರೆಗೆ ಹೋಗಿ ಬಿಟ್ಟು ಬರುತ್ತಿದ್ದ. "ನಿನಗೂ ಊಟಾ ಬೇಕಲ್ಲೋ ತಮ್ಮಾ, ಆದ್ರ ಸಾಹೇಬ್ರ ಗಿಡಾ ಬ್ಯಾಡ" ಎಂದು ಹುಳುವಿಗೇ ತಿಳಿಹೇಳುವ ಮನುಷ್ಯ.

ಸಾಹೇಬರು ಕಾಡಿನಿಂದ ತರಿಸಿದ್ದ ಸೀತಾಳೆಯ ಗಿಡವನ್ನು ಅವನು ತೆಂಗಿನ ನಾರಿನಿಂದ ಮಾವಿನ ಟೊಂಗೆಗೆ ಕಟ್ಟಿದ್ದ. ಮಣ್ಣಿಲ್ಲದೆ ಬದುಕುವ ಗಿಡ. ಎರಡು ವರ್ಷವಾದರೂ ಹೂ ಬಿಟ್ಟಿರಲಿಲ್ಲ. ಬೇಸಿಗೆಗೆ ಮೇಮ್‌ಸಾಹೇಬರು ವಿಲಾಯತಿಯಿಂದ ಬರುವವರಿದ್ದರು. ಅಷ್ಟರಲ್ಲಿ ಹೂವಿನ ದಂಡೆ ಇಳಿಬೀಳದಿದ್ದರೆ ಮನೆ ಖಾಲಿ ಮಾಡು ಎಂದು ಸಾಹೇಬರು ಹೇಳಿದ್ದರು. ಪಾಯಪ್ಪನ ಹೆಂಡತಿ ಆಗ ಬಸುರಿ.

ಚಳಿ ಬಿದ್ದೊಡನೆ ಅವನು ಗಿಡಕ್ಕೆ ನೀರು ನಿಲ್ಲಿಸಿಬಿಟ್ಟ. ಬೇರುಗಳು ಸುಣ್ಣ ಬಳಿದಂತೆ ಬೆಳ್ಳಗಾದವು. ನನಗೆ ನೋಡಲಾಗಲಿಲ್ಲ.

"ಪಾಯಪ್ಪಾ, ಅದು ಸಾಯಾಕತ್ತೈತಲ್ಲೋ!"

"ಸಾಯಂಗಿಲ್ರೀ ಅಕ್ಕಾರ. ಈಗ ನೀರಡಿಸಿದ್ರನ ಮುಂದ ಹೂವಾಗತೈತಿ. ಅದಕ್ಕೂ ಒಂದೀಟು ಅಂಜಿಕಿ ಹುಟ್ಟಬೇಕ್ರಿ."

ನನ್ನ ಮೊಂಡುತನ ಕೇಳಬೇಕಲ್ಲ! ಲಿಂಗಪೂಜೆಯ ನೀರನ್ನು ಯಾರೂ ತುಳಿಯದ ಕಡೆ ಹಾಕಬೇಕು. ನೆಲವನ್ನೇ ಮುಟ್ಟದ ಈ ಗಿಡಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿದೆ? ಅವನು ಅತ್ತ ಹೋದಾಗ ದಿನಾ ಒಂದು ಬಟ್ಟಲು ನೀರನ್ನು ಎಲೆಗಳ ನಡುವೆ ಸುರಿದು ಬರುತ್ತಿದ್ದೆ. ಪುಣ್ಯ ಕಟ್ಟಿಕೊಂಡೆನೆಂದು ಒಳಗೊಳಗೇ ಹಿಗ್ಗು ಬೇರೆ.

ಒಂದು ಬೆಳಿಗ್ಗೆ ನನ್ನೆದುರಿಗೇ ಪಾಯಪ್ಪ ಗಿಡ ಮುಟ್ಟಿದ್ದೇ ತಡ, ಕೊಳೆತ ಸುಳಿ ಅವನ ಬೆರಳಿಗೆ ಕಿತ್ತುಬಂತು. ಅದಕ್ಕೆ ನನ್ನ ಪೂಜೆಯ ಬಿಲ್ವದ ಎಲೆ ಅಂಟಿಕೊಂಡಿತ್ತು. ಅವನು ಎಲೆಯನ್ನು ನೋಡಿದ, ನನ್ನನ್ನು ನೋಡಿದ. ಅಷ್ಟರಲ್ಲಿ ಸಾಹೇಬರು ಮೆಟ್ಟಿಲಿಳಿದು ಬಂದರು. ಪಾಯಪ್ಪ ಆ ಎಲೆಯನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟ.

"ನೀರು ಹೆಚ್ಚಾತ್ರಿ ಸಾಹೇಬ್ರ. ನಂದ ತಪ್ಪು."

ನಾನು ತುಟಿ ಬಿಚ್ಚಲಿಲ್ಲ. ಬಿಚ್ಚಿದರೆ ನಮ್ಮ ಮನೆಯವರ ನೌಕರಿಗೇ ಸಂಚಕಾರ ಬರುತ್ತದೆಂದು ಹೆದರಿದೆ. ಆ ಹೆದರಿಕೆಗೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಸಾಹೇಬರ ಮಾತಿನಂತೆ ಮನೆ ಖಾಲಿ ಮಾಡಿ, ಮಧ್ಯಾಹ್ನವೇ ಗಂಡ ಹೆಂಡತಿ ಚಕ್ಕಡಿ ಹೇರಿದರು. ನಾನು ರೊಟ್ಟಿಯ ಬುತ್ತಿ ಒಯ್ದುಕೊಟ್ಟು, ಎಲ್ಲವನ್ನೂ ಹೇಳಿಬಿಡಬೇಕೆಂದು ಬಿಕ್ಕುತ್ತ ಅವನ ಹೆಂಡತಿಯತ್ತ ತಿರುಗಿದೆ. ಪಾಯಪ್ಪ ಅಡ್ಡ ಬಂದು ಮೆಲ್ಲಗೆ ಹೇಳಿದ:

"ಆಕಿಗೆ ಹೇಳಬ್ಯಾಡ್ರೀ ಅಕ್ಕಾರ. ಹೇಳಿದ್ರ ನಿಮ್ಮ ರೊಟ್ಟಿ ಮುಟ್ಟಂಗಿಲ್ಲ. ಬಸುರಿ ಹೆಂಗಸು, ಹಾದಿ ದೂರ ಐತಿ."

ಚಕ್ಕಡಿ ಹೊರಟಿತು. ಆಕೆ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗಿ ಕೈ ಮುಗಿದಳು.