ಅರ್ಧ ವಿಭೂತಿ ಗಟ್ಟಿ

ಇಬ್ಬರಿಗೂ ಸೇರಿ ಒಂದೇ ಪೇಸ್ಟು, ಒಂದೇ ಚಾರ್ಜರು, ಒಂದೇ ವಿಭೂತಿ ಗಟ್ಟಿ. ಯುರೋಪ್ ಪ್ರವಾಸಕ್ಕೆ ಬೆನ್ನಿನ ಬ್ಯಾಗು ಏಳು ಕಿಲೋ ದಾಟಬಾರದೆಂಬುದು ನನ್ನ ಗಂಡನ ಹಟ. ಸಿಂಗಾಪುರದ ಸೆರಂಗೂನಿನ ನಮ್ಮ ಮನೆಯಲ್ಲಿ ವಾರವಿಡೀ ತೂಗಿದ್ದೇ ತೂಗಿದ್ದು. ಆದರೆ ಚಾಂಗಿ ಏರ್‌ಪೋರ್ಟಿನ ಚೆಕ್-ಇನ್ ಸಾಲಿನಲ್ಲಿದ್ದಾಗ ಒನ್-ನಾರ್ತ್‌ನ ಅವರ ಆಫೀಸಿನಿಂದ ಫೋನ್ ಬಂತು.

"ಸಿಸ್ಟಮ್ ಡೌನ್ ಆಗಿದೆ ಕಣೇ, ನಾನು ಬರೋಕಾಗಲ್ಲ. ನೀನು ಹೋಗು, ಲೀವ್ ಯಾಕೆ ವೇಸ್ಟ್ ಮಾಡ್ತೀಯ?"

ಅಲ್ಲೇ ನೆಲದ ಮೇಲೆ ಕೂತು ಎರಡೂ ಬ್ಯಾಗು ಬಿಚ್ಚಿದೆವು. ಪೇಸ್ಟು, ಚಾರ್ಜರು ನನಗೆ ಕೊಟ್ಟರು. ವಿಭೂತಿಯನ್ನು ಮಾತ್ರ ಎರಡು ತುಂಡು ಮಾಡಿ, ಒಂದನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಕೈಗಿಟ್ಟರು.

"ಮನೇಲಿ ಬೇರೆ ಇದೆಯಲ್ರೀ," ಎಂದೆ.

"ಇದೆ. ಆದ್ರೂ ಇರ್ಲಿ."

ವಿಯೆನ್ನಾದಲ್ಲಿ ಇಳಿದಾಗ ಕಸ್ಟಮ್ಸ್ ಅಧಿಕಾರಿ ಆ ಕರ್ಚೀಫು ಬಿಚ್ಚಿದ. ಬೆರಳಿಗೆ ಬಿಳಿ ಹತ್ತಿತು. ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದ. ಬೂದಿ, ನಮಗೆ ಪವಿತ್ರ, ಎಂದೆ. ಆತ ನನ್ನ ಹಾಸ್ಟೆಲ್ ಬುಕಿಂಗ್ ನೋಡಿದ. ಅದರಲ್ಲಿ ಇಬ್ಬರ ಹೆಸರಿತ್ತು.

"ನಿಮ್ಮ ಗಂಡ?"

"ಬರಲಿಲ್ಲ," ಎಂದೆ. ರಾತ್ರಿಯೆಲ್ಲ ಪಕ್ಕದಲ್ಲಿದ್ದ ಖಾಲಿ ಸೀಟು ನೆನಪಾಗಿ ದನಿ ನಡುಗಿತು.

ಆತ ಟೋಪಿ ತೆಗೆದ. ತುಂಡನ್ನು ಮೊದಲಿನಂತೆಯೇ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ಅವರಿಗೆ ಶಾಂತಿ ಸಿಗಲಿ."

ಇದು ನನ್ನ ಗಂಡನ ಚಿತಾಭಸ್ಮವೆಂದು ಆತ ತಿಳಿದಿದ್ದಾನೆಂದು ಆಗ ಹೊಳೆಯಿತು. ನಮ್ಮವರು ಯಾರಾದರೂ ಹೀಗೆ ಅಂದಿದ್ದರೆ 'ಬಿಡ್ತು ಅನ್ನಿ' ಎಂದು ಬೈದುಬಿಡುತ್ತಿದ್ದೆ. ಆದರೆ ಹಿಂದಿನ ದಿನದಿಂದ ಯಾರೂ ನನ್ನೊಡನೆ ಇಷ್ಟು ಮೆತ್ತಗೆ ಮಾತಾಡಿರಲಿಲ್ಲ.

ನಾನೂ ಎರಡೂ ಕೈ ಚಾಚಿ ತೆಗೆದುಕೊಂಡೆ.